ಸಿಸ್ಟರ್ ಜೇಬಿನ ಕಲ್ಲು

ಕಾಲು ಮುರಿದುಕೊಂಡು ನಾನು ಮುಂಬಯಿಯ ಪರೇಲಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಮ್ಮ ವಾರ್ಡಿನಲ್ಲಿ ಮಂಗಳೂರು ಕಡೆಯ ಸಿಸ್ಟರ್ ಒಬ್ಬರಿದ್ದರು. ಯಾರು ಕೂಗಿದರೂ, ಕನ್ನಡ ಬಾರದವರಿಗೂ, "ಒಂದು ನಿಮಿಷ ಆಯ್ತಾ" ಎನ್ನುವರು. ಆ ನಿಮಿಷ ಅರ್ಧ ಗಂಟೆಯಾದರೂ ಮುಗಿಯುತ್ತಿರಲಿಲ್ಲ.

ಸಂಜೆ ಆರಕ್ಕೆ ಮಾತ್ರ ಕಿಟಕಿಯ ಬಳಿ ನಿಂತು, ಶಿಲುಬೆಯ ಗುರುತು ಮಾಡಿ, ಮರಿಯಮ್ಮನ ಪ್ರಾರ್ಥನೆಯನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಚಳಿಗಾಲವಾದ್ದರಿಂದ ಸೂರ್ಯ ಮುಳುಗುವುದೂ ಆಗಲೇ. ಅವರು ಕಣ್ಣು ತೆರೆಯುವಷ್ಟರಲ್ಲಿ ಕೆಂಪು ಬೆಳಕಿನ ಜೊತೆ ಎಲ್ಲಿಂದಲೋ ಆಜಾನ್ ತೇಲಿ ಬರುತ್ತಿತ್ತು.

ಕೂಡಲೇ ಜೇಬಿನಿಂದ ಚಪ್ಪಟೆ ಕಲ್ಲೊಂದನ್ನು ತೆಗೆದು ನನ್ನ ಪಕ್ಕದ ಹಾಸಿಗೆಗೆ ಬರುತ್ತಿದ್ದರು. ಅಲ್ಲಿ ಲಕ್ವ ಹೊಡೆದ ಮುದುಕರೊಬ್ಬರು, ವಾರ್ಡಿಗೆಲ್ಲ ಬಾಬಾ, ಚಾವಣಿ ನೋಡುತ್ತ ಮಲಗಿರುತ್ತಿದ್ದರು. ನಮಾಜಿಗೆ ಮೊದಲು ನೀರಿನಲ್ಲಿ ಕೈಮುಖ ತೊಳೆಯಲಾಗದವರು ಕಲ್ಲು ಮುಟ್ಟಿ ಸವರಿಕೊಂಡರೂ ಸಾಕಂತೆ. ಸಿಸ್ಟರ್ ಬಾಬಾನ ಅಂಗೈಗಳನ್ನು ಕಲ್ಲಿಗೊತ್ತಿ, ಮುಖಕ್ಕೆ ಸವರಿ, "ಬಾಬಾ, ನಮಾಜ್ ಕಾ ಟೈಮ್ ಹೋ ಗಯಾ" ಎನ್ನುತ್ತಿದ್ದರು. ಬಾಬಾ ಮಿಸುಕುತ್ತಿರಲಿಲ್ಲ.

"ಅವರಿಗೆ ಕೇಳಿಸ್ತದಾ ಸಿಸ್ಟರ್?" ಎಂದೆ ಒಮ್ಮೆ.

"ಯಾರಿಗೆ ಗೊತ್ತು ಮಾರಾಯ್ರೆ. ಏಳಲಿಕ್ಕೆ ಆಗದವರು ಕಣ್ಣಲ್ಲೇ ಬಗ್ಗಿದ್ರೂ ನಮಾಜ್ ಆಗ್ತದಂತೆ. ಇವರ ಮಗಳು ಹೇಳಿದ್ದು."

ನಾಲ್ಕನೆಯ ವಾರದ ಒಂದು ಸಂಜೆ ಬಾಬಾನ ರೆಪ್ಪೆಗಳು ಮೆಲ್ಲನೆ ಅರ್ಧಕ್ಕೆ ಇಳಿದವು, ಎದ್ದವು. ಮತ್ತೆ ಇಳಿದು, ಈ ಸಲ ಪೂರ್ತಿ ಮುಚ್ಚಿದವು, ತೆರೆದವು.

ಸಿಸ್ಟರ್ ಕಲ್ಲು ಹಿಡಿದು ನಿಂತೇ ಇದ್ದರು. ವಾರ್ಡಿನ ಆ ತುದಿಯಿಂದ ಯಾರೋ "ಸಿಸ್ಟರ್!" ಎಂದು ಕೂಗಿದರು. ಅವರಿಗೆ ಕೇಳಿಸಲಿಲ್ಲ.

ನಾನೇ ಕೂಗಿ ಹೇಳಿದೆ: "ಒಂದು ನಿಮಿಷ ಆಯ್ತಾ."