ಹೊಡೆದುಹಾಕಿದ್ದ ಗುಡ್ಡದ ಊರು

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಲ್ಬೇನಿಯಾ ಅಂತ ಒಂದು ದೇಶ ಇದೆಯೆಂದು ಗೊತ್ತಾಗಿದ್ದು ಕಳೆದ ದೀಪಾವಳಿ ಆದಮೇಲೆ. ತೀರ್ಥಹಳ್ಳಿಯ ಕಾಲೇಜಿನಲ್ಲಿ ಪಾಠ ಮಾಡುವ ಮೊಮ್ಮಗಳು ಸಾಗರದ ನಮ್ಮನೆಗೆ ಬಂದವಳು, ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗೋಣ, ನೀನೂ ಬರಬೇಕು ಅಂದಳು. ಜನ ಈಗೀಗ ಹೋಗಲು ಶುರುಮಾಡಿದ್ದಾರಂತೆ, ಹೋದವರೆಲ್ಲ ಸಮುದ್ರದ ಬದಿಗೇ ಹೋಗುತ್ತಾರಂತೆ. ಸಮುದ್ರ ಆಗುಂಬೆ ಘಾಟಿ ಇಳಿದರೂ ಸಿಗುತ್ತದೆ, ಅದಕ್ಕೆ ವಿಮಾನ ಎಂತಕ್ಕೆ ಅಂದೆ. ಹಾಗಾದರೆ ಒಳನಾಡಿನ ಊರುಗಳನ್ನೇ ನೋಡೋಣ, ನೀನೇ ಹೊಂದಿಸು ಅಂತ ಮ್ಯಾಪು ತೆಗೆದು ಮುಂದಿಟ್ಟಳು.

ನನಗೆ ಗೊತ್ತಿರುವ ಪ್ರಯಾಣ ಮದುವೆಗೆ ಕರೆಯಲು ಹೋಗುವುದು ಒಂದೇ. ಕಾಫಿ ಯಾರ ಮನೆಯಲ್ಲಿ, ಊಟ ಯಾರ ಮನೆಯಲ್ಲಿ, ರಾತ್ರಿ ಮಲಗುವುದು ಎಲ್ಲಿ ಅಂತ ಮೊದಲೇ ಗೊತ್ತುಮಾಡಿಕೊಂಡು ಹೊರಡಬೇಕು. ಇಲ್ಲದಿದ್ದರೆ ಪ್ರತಿ ಮನೆಯಲ್ಲೂ ಎಲೆ ಹಾಕಿ ಕೂರಿಸಿ ದಿನ ಹಾಳುಮಾಡುತ್ತಾರೆ. ಹಾಗೇ ಹೊಂದಿಸಿದೆವು. ವಿಮಾನ ಇಳಿಯುವ ತಿರಾನಾ ಮಲಗುವ ಮನೆ, ಎಲ್ಬಸಾನ್ ಕಾಫಿ ಮನೆ, ಕೊರ್ಚಾ ಮತ್ತೆ ಮಲಗುವ ಮನೆ. ಅವಳು ನಗುತ್ತ ಪುಸ್ತಕದಲ್ಲಿ ಬರೆದುಕೊಂಡಳು.

ಬರೆಯುವಾಗ ಅವಳ ಫೋನು ಪಕ್ಕದಲ್ಲಿತ್ತು. ಅದರ ಮೇಲೆ ಒಂದು ಗುಡ್ಡದ ಚಿತ್ರ, ಗುಡ್ಡದ ತುಂಬ ಬಿಳಿ ಮನೆಗಳು, ಎಲ್ಲ ಕಿಟಕಿಗಳೂ ಹೊಳೆ ಕಡೆಗೆ. ಇದು ಯಾವ ಊರು ಅಂತ ಕೇಳಿದೆ. ಬೆರಾತ್ ಅಂದಳು. ಪುಸ್ತಕದಲ್ಲಿ ಆ ಹೆಸರನ್ನು ಎಲ್ಲಕ್ಕಿಂತ ಮೊದಲು ಬರೆದು, ಆಮೇಲೆ ಹೊಡೆದುಹಾಕಿದ್ದಳು. ದೂರ ಆಗುತ್ತದೆ ಅಂದಳು. ಮ್ಯಾಪಿನಲ್ಲಿ ನೋಡಿದರೆ ತಿರಾನಾದಿಂದ ಎರಡು ತಾಸು, ಸಾಗರದಿಂದ ತೀರ್ಥಹಳ್ಳಿಗೆ ಹೋದಷ್ಟೇ.

"ನನ್ನ ಮಂಡಿಗೋಸ್ಕರ ಬಿಟ್ಯಾ?"

ಫೋನನ್ನು ಮಗುಚಿ ಇಟ್ಟಳು. ಆಮೇಲೆ, "ಎಲ್ಲ ಕಲ್ಲಿನ ದಾರಿ ಅಮ್ಮಮ್ಮ, ಬರೀ ಏರು. ಬೇಡ ಬಿಡು" ಅಂದಳು.

ನನಗೆ ನನ್ನ ಅತ್ತೆಯ ನೆನಪಾಯಿತು. ಇವಳ ಅಮ್ಮನ ಮದುವೆಗೆ ಕರೆಯಲು ಹೊರಟಾಗ ಅತ್ತೆ ತಾನೂ ಬರುತ್ತೇನೆ ಅಂದಿದ್ದರು. ಅವರ ತವರುಮನೆ ಹೊಸನಗರದ ಆಚೆ, ಜೀಪು ಹತ್ತದ ಏರಿನ ಮೇಲೆ. ನಿಮ್ಮ ಕಾಲಿಗೆ ಆಗದು ಅಂತ ನಾನು ಬಿಟ್ಟುಹೋದೆ. ಏರು ಹತ್ತಿ ಅಕ್ಷತೆ ಕೊಟ್ಟು, ಗಡಿಬಿಡಿಯಲ್ಲಿ ಇಳಿದು ಬಂದೆ. ಬಾವಿಕಟ್ಟೆ ಹಾಗೇ ಇದೆಯಾ ಅಂತ ಸಂಜೆ ಕೇಳಿದರು. ನೋಡಲಿಲ್ಲ ಅಂದೆ. ಅವರು ಮತ್ತೆ ಆ ಊರಿಗೆ ಹೋಗಲೇ ಇಲ್ಲ. ಕೆಳಗೆ ಜೀಪಿನಲ್ಲೇ ಕೂರಿಸಿದ್ದರೆ ತವರಿನವರೇ ಇಳಿದು ಬಂದು ಮಾತಾಡಿಸುತ್ತಿದ್ದರು. ಇದು ನನಗೆ ಹೊಳೆಯಲಿಲ್ಲ ಅಂತಲ್ಲ. ಹೊಳೆದಿತ್ತು. ತಡ ಆಗುತ್ತದೆ ಅಂತ ಬಿಟ್ಟೆ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಲಿಲ್ಲ. ಬೆರಾತಿನಲ್ಲಿ ಗುಡ್ಡದ ಬುಡಕ್ಕೆ ಕಾಫಿ ಅಂಗಡಿ ಇದೆಯಾ ಅಂತ ಮಾತ್ರ ಕೇಳಿದೆ. ಹೊಳೆ ಬದಿಗೆ ಉದ್ದಕ್ಕೂ ಇವೆಯಂತೆ, ರೂಮೂ ಅಲ್ಲೇ ಸಿಗುತ್ತದಂತೆ.

"ಬರಿ ಹಾಗಾದ್ರೆ. ಮಲಗುವ ಮನೆ ಅಂತಲೇ ಬರಿ. ನೀ ಹತ್ತಿ ಹೋಗು, ನಾ ಕೆಳಗೆ ಕೂರ್ತೀನಿ."

"ಒಬ್ಳೇ ಎಂತ ಮಾಡ್ತೆ ಅಲ್ಲಿ?"

"ಕಾಯ್ತೀನಿ. ಗಡಿಬಿಡಿ ಮಾಡ್ಬೇಡ ಕೂಸೇ, ಎಲ್ಲ ಸರಿಯಾಗಿ ನೋಡ್ಕಂಡು ಬಾ. ಬಂದ್ಮೇಲೆ ನಾ ಕೇಳ್ತೀನಿ."

ಅವಳು ಹೊಡೆದುಹಾಕಿದ್ದ ಹೆಸರಿನ ಕೆಳಗೆ ಅದೇ ಹೆಸರನ್ನು ಮತ್ತೆ ಬರೆದಳು. ಒಂದು ರಾತ್ರಿ ಸಾಲದು ಅಂತ ನಾನೇ ಎರಡು ಮಾಡಿಸಿದೆ.