ತಪ್ಪೆಂದು ತೆಗೆದುಹಾಕಿದ ಮನೆ

ಐವತ್ತರ ದಶಕದಲ್ಲಿ ನಾನು ಮುಂಬಯಿಯ ಫೋರ್ಟ್ ಭಾಗದ ಒಂದು ಕಚೇರಿಯಲ್ಲಿ ಲೆಕ್ಕದ ಗುಮಾಸ್ತನಾಗಿದ್ದೆ. ಅರ್ಥಶಾಸ್ತ್ರಜ್ಞರೂ ಸಂಖ್ಯಾಶಾಸ್ತ್ರಜ್ಞರೂ ಸೇರಿ ಕಟ್ಟಿಕೊಂಡ ಅಖಿಲ ಭಾರತ ಸಂಘದ ಕಚೇರಿ ಅದು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವನಿಗೆ ಕೈಯಿಂದ ತಿರುಗಿಸುವ ಒಂದು ಲೆಕ್ಕದ ಯಂತ್ರ ಕೊಟ್ಟಿದ್ದರು. ಅದರ ಹಿಡಿಕೆ ತಿರುಗಿಸುವಾಗ ದೇಶವನ್ನೇ ನಡೆಸುತ್ತಿದ್ದೇನೆಂಬ ಜಂಬ ನನಗೆ.

ಆ ವರ್ಷದ ಸಮ್ಮೇಳನ ಮುಂಬಯಿಯಲ್ಲೇ ಇತ್ತು. ಅದಕ್ಕಾಗಿ, ಕೋಣೆಗೊಂದು ಸಂಸಾರವಿದ್ದ ಚಾಳುಗಳಲ್ಲಿ ಊಟದ ಸಮೀಕ್ಷೆ ನಡೆಯಿತು. ಗಂಡಸರು ಕೆಲಸಕ್ಕೆ ಹೋದ ಮೇಲೆ ಸಂಘದ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ, ಯಾರು ಎಷ್ಟು ಉಂಡರೆಂದು ಕೇಳಿ ಬರೆದು ತರುತ್ತಿದ್ದರು. ಫಾರ್ಮಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಅದೇ ನಂಬರಿನ ಚೀಟಿಯನ್ನು ಆ ಮನೆಯ ಬಾಗಿಲಿಗೆ ಅಂಟಿಸಿ ಬರುತ್ತಿದ್ದರು.

ಒಂದು ಫಾರ್ಮಿನಲ್ಲಿ ಉಳಿದವರದೆಲ್ಲ ಸರಿಯಿತ್ತು. ಮನೆಯ ಹೆಂಗಸು ಮಾತ್ರ ವಾರವಿಡೀ ದಿನಕ್ಕೊಂದು ರೊಟ್ಟಿ ತಿಂದಿದ್ದಳು. ಉಡುಪಿ ಕಡೆಯವರಾದ ನಮ್ಮ ಮುಖ್ಯಸ್ಥರಿಗೆ ತೋರಿಸಿದೆ.

"ಇಷ್ಟು ತಿಂದು ಬದುಕ್ಲಿಕ್ಕುಂಟಾ ಮಾರಾಯ್ರೆ? ಬರ್ಕೊಂಡದ್ದೇ ತಪ್ಪು. ತೆಗ್ದು ಹಾಕಿ."

ಸರಾಸರಿಗೆ ಹೊಂದದ್ದನ್ನು ತೆಗೆಯುವುದು ನಮ್ಮ ಪದ್ಧತಿ. ಕೆಂಪು ಪೆನ್ಸಿಲಿನಿಂದ ಗೀಟು ಎಳೆದು, ತೆಗೆದುಹಾಕಿದವುಗಳ ಪುಸ್ತಕದಲ್ಲಿ ಬರೆದೆ: ಇನ್ನೂರ ಹದಿನಾಲ್ಕು.

ಸಮ್ಮೇಳನದಲ್ಲಿ ದಿಲ್ಲಿ, ಕಲ್ಕತ್ತೆಯ ಪಂಡಿತರ ಮುಂದೆ ನಮ್ಮ ಮುಖ್ಯಸ್ಥರು ಪ್ರಬಂಧ ಓದಿದರು. ಚಾಳಿನ ಹೆಂಗಸರ ಊಟದ ಬಗ್ಗೆ ಚಿಂತೆಪಡಬೇಕಾದ್ದೇನೂ ಇಲ್ಲ ಎಂಬುದು ಅದರ ಸಾರ. ಹಿಂದಿನ ಸಾಲಿನಲ್ಲಿದ್ದ ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ.

ಮರುವಾರ ಗ್ರಾಂಟ್ ರೋಡಿನ ಚಾಳಿಗೆ, ಅಕ್ಕನ ಮನೆಗೆ ಹೋದೆ. ಸಮ್ಮೇಳನದ ಗಡಿಬಿಡಿಯಲ್ಲಿ ಎರಡು ತಿಂಗಳು ಅತ್ತ ತಲೆ ಹಾಕಿರಲಿಲ್ಲ. ಬಾಗಿಲಿಗೆ ಚೀಟಿ ಅಂಟಿಸಿತ್ತು. ಇನ್ನೂರ ಹದಿನಾಲ್ಕು. ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ.

ಒಳಗೆ ಭಾವ, ಅಕ್ಕನ ಅತ್ತೆ, ಮೂರು ಮಕ್ಕಳು, ಕೆಲಸ ಹುಡುಕಿಕೊಂಡು ಊರಿಂದ ಬಂದಿದ್ದ ಇಬ್ಬರು ಮೈದುನರು, ಎಲ್ಲರದೂ ಊಟವಾಗಿತ್ತು. ಅಕ್ಕ ನನಗೆ ಬಡಿಸಿದಳು.

"ನಿಂದು?" ಎಂದೆ.

"ನಂದು ಆಗಲೇ ಆಗೇದ. ನೀ ಉಣ್ಣು."

ಎಷ್ಟು ಭಾನುವಾರ ಕೇಳಿದ್ದೆ ಈ ಮಾತನ್ನು! ನಂಬಿ, ಇನ್ನೊಂದು ಹಾಕು ಎಂದು ಕೇಳಿ ಕೇಳಿ ತಿಂದಿದ್ದೆ. ಬಡಿಸುವ ಅವಳ ಕೈಯ ಬಳೆ ಮೊಣಕೈವರೆಗೂ ಜಾರುವುದನ್ನು ಅವತ್ತೇ ಕಂಡದ್ದು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅತ್ತೆ ಎದ್ದು ಹೊರಗೆ ಹೋದ ಮೇಲೆ ಅವಳು ಹತ್ತಿರ ಸರಿದು ಕೂತಳು.

"ನಿಮ್ಮ ಸಂಘದಾಕಿ ಬಂದಿದ್ಲೋ. ಮನ್ಯಾಗ ಯಾರ ಮುಂದೂ ಹೇಳಿಲ್ಲ, ಆಕಿ ಮುಂದ ಅಷ್ಟ ಎಲ್ಲಾ ಖರೇ ಹೇಳೇನಿ. ದೊಡ್ಡ ದೊಡ್ಡ ಮಂದಿ ಓದ್ತಾರಂತ. ಓದ್ಯಾರೇನು ಅದನ್ನ?"

"ಓದ್ಯಾರ, ಅಕ್ಕಾ" ಎಂದೆ.

ಅವಳ ಮುಖ ಅರಳಿತು.

"ಹಂಗಾರ ಯಾರಿಗರೆ ಗೊತ್ತಾತಲ್ಲ, ಸಾಕು."