ಮಂಡಕ್ಕಿ ತಿಂದ ನಿಂಬೆಹಣ್ಣು

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ ಮೋಸಂಬಿ ರಸ ಕುಡಿಯುತ್ತ ನಿಂತಿದ್ದೆ. ಅಂಗಡಿಯವನು ಹಿಂಡಿ ಎಸೆದ ಸಿಪ್ಪೆ ಬುಟ್ಟಿ ತುಂಬಿ ನೆಲಕ್ಕೂ ಚೆಲ್ಲಿತ್ತು. ಬೀದಿನಾಯಿಯೊಂದು ಆಸೆಯಿಂದ ಬಂದು ಮೂಸಿತು. ಮೂಸಿದ್ದೇ ತಡ, ಒಂದು ದೊಡ್ಡ ಸೀನು ಸೀನಿ, ಬೀಗರ ಮನೆಯಲ್ಲಿ ಅವಮಾನವಾದವರ ಹಾಗೆ ಮುಖ ತಿರುಗಿಸಿಕೊಂಡು ಹೊರಟುಹೋಯಿತು. ಸುತ್ತ ನಿಂತವರು ನಕ್ಕರು. ನನಗೆ ಮಾತ್ರ ಆ ಸಿಪ್ಪೆಯ ಘಾಟು ಮೂಗಿಗೆ ಬಡಿದದ್ದೇ, ಕುರುಗೋಡಿನ ನನ್ನ ಸೋದರತ್ತೆ ಶರಣಮ್ಮ ನೆನಪಾದಳು. ಅವಳ ಜೊತೆಗೆ, ಇಷ್ಟು ಬುದ್ಧಿ ಇಲ್ಲದೆ ಹೋದ ಇನ್ನೊಂದು ನಾಯಿ.

ಮೊದಲೇ ಹೇಳಿಬಿಡುತ್ತೇನೆ, ನಾನು ನಾಯಿಗಳ ಸ್ನೇಹಿತನಲ್ಲ. ಎದುರಿಗೆ ನಾಯಿ ಬಂದರೆ ನನ್ನ ಬಾಯಿಂದ ತಾನಾಗಿ ಬಹುವಚನ ಹೊರಡುತ್ತದೆ. "ಹೋಗ್ರಿ, ಹೋಗ್ರಿ" ಎಂದು ಮರ್ಯಾದೆಯಿಂದ ಬೇಡಿಕೊಳ್ಳುತ್ತೇನೆ. ಶರಣಮ್ಮತ್ತೆಗೆ ಹೆದರಿಕೆ ಇರಲಿಲ್ಲ, ಮಡಿ ಇತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಯುವ ತನಕ ಹನಿ ನೀರೂ ಮುಟ್ಟದ ಹೆಂಗಸು. ಅಂಥ ಮನೆಗೆ ಮೊಮ್ಮಗಳು ನಂದಿನಿ ಒಂದು ಬಿಳಿ ಮರಿಯನ್ನು ಕರೆತಂದಳು. ತನ್ನ ಬಟ್ಟಲಿನ ಮಂಡಕ್ಕಿಯನ್ನು ಒಂದೊಂದಾಗಿ ಉದುರಿಸುತ್ತ ದಾರಿ ಉದ್ದಕ್ಕೂ ನಡೆಸಿಕೊಂಡು ಬಂದದ್ದರಿಂದ ಅದಕ್ಕೆ ಮಂಡಕ್ಕಿ ಎಂದೇ ಹೆಸರಾಯಿತು. ಅತ್ತೆ ಮಾತ್ರ ಆ ಹೆಸರನ್ನು ಬಾಯಲ್ಲಿ ಆಡಲಿಲ್ಲ. ಅವಳಿಗೆ ಅದು ಬರೀ 'ಅದು'. "ಅದನ್ನ ಹೊಸ್ತಿಲು ದಾಟಿಸಬ್ಯಾಡ್ರಿ. ಕಟ್ಟಿ ಮ್ಯಾಲ ಬಿದ್ದಿರ್ಲಿ," ಅನ್ನುತ್ತಿದ್ದಳು.

ಕಟ್ಟೆಯ ಮೇಲೆ ಬಿದ್ದಿದ್ದ ಮಂಡಕ್ಕಿ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಿತ್ತು. ಕೈ ಅಂದೆನೇ? ಬಾಯಿಗೆ. ತೆಂಗಿನ ನಾರು, ಚಪ್ಪಲಿಯ ಉಂಗುಟ, ಬಟ್ಟೆ ಒಗೆಯುವ ಸೋಪಿನ ಚೂರು. ಒಮ್ಮೆ ನನ್ನ ಕರವಸ್ತ್ರವನ್ನೂ ಅರ್ಧ ನುಂಗಿತ್ತು. ಉಳಿದರ್ಧವನ್ನು ನಾನು ಬಹುವಚನದಲ್ಲಿಯೇ ವಾಪಸ್ಸು ಕೇಳಿ ಸೋತಿದ್ದೆ.

ಆ ವರ್ಷ ನಂದಿನಿಗೆ ಜ್ವರ ಬಂತು. ಬಳ್ಳಾರಿಗೆ ಕರೆದೊಯ್ದು ತೋರಿಸಿ ಔಷಧಿ ತಂದರೂ ಜ್ವರ ಇಳಿಯುವುದು, ಮತ್ತೆ ಏರುವುದು. ನೋಡಿಬರಲು ನಾನು ಕುರುಗೋಡಿಗೆ ಹೋದ ದಿನ ಅಮಾವಾಸ್ಯೆ. ಹುಡುಗಿ ಒಣಗಿದ ಹೂವಿನಂತೆ ಮಲಗಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಮೊಸರನ್ನಕ್ಕೆ ಕುಂಕುಮ ಕಲೆಸಿ ಉಂಡೆ ಕಟ್ಟಿದಳು. ಒಂದು ನಿಂಬೆಹಣ್ಣು ಹೋಳು ಮಾಡಿ ಅದರ ಜೊತೆಗಿಟ್ಟು, ಮೊಮ್ಮಗಳಿಗೆ ನಿವಾಳಿಸಿ, ದೃಷ್ಟಿ ತೆಗೆದು, ಮೂರು ದಾರಿ ಕೂಡುವಲ್ಲಿ ಇಟ್ಟುಬಂದಳು. ಇಟ್ಟಮೇಲೆ ತಿರುಗಿ ನೋಡಬಾರದು ಎಂಬುದು ನಿಯಮ. ಅವಳು ನೋಡಲಿಲ್ಲ. ಬೆನ್ನ ಹಿಂದೆಯೇ ಹೋಗಿದ್ದ ಮಂಡಕ್ಕಿಗೆ ಇಂಥ ನಿಯಮಗಳನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಳಗಾಗುವಷ್ಟರಲ್ಲಿ ನಂದಿನಿಯ ಮೈ ಬೆವರಿ ಜ್ವರ ಬಿಟ್ಟಿತ್ತು. "ಅಜ್ಜಿ, ರೊಟ್ಟಿ," ಎಂದಳು. ಮನೆಯವರಿಗೆಲ್ಲ ಹೋದ ಜೀವ ಬಂದಂತಾಯಿತು. ಅತ್ತೆ ಸಂತೋಷಕ್ಕೆ ಹೊರಗೆ ಬಂದು ನೋಡುತ್ತಾಳೆ, ಕಟ್ಟೆಯ ಮೇಲೆ ಮಂಡಕ್ಕಿ ಜೊಲ್ಲು ಸುರಿಸುತ್ತ, ಏಳಲಾಗದೆ ಬಿದ್ದಿದೆ. ಪಕ್ಕದಲ್ಲಿ ಕಾರಿಕೊಂಡದ್ದು. ಅದರಲ್ಲಿ ಕುಂಕುಮದ ಕೆಂಪು ಅನ್ನ, ನಿಂಬೆ ಸಿಪ್ಪೆಯ ಚೂರುಗಳು.

ಅತ್ತೆ ಅದರ ಪಕ್ಕದಲ್ಲಿ ಕೂತಳು. "ನೋಡ್ದೇನೋ ತಮ್ಮಾ. ಕೂಸಿನ ಜ್ವರ ಇದು ಹೊತ್ಕಂತು."

ಓದಿದವನೆಂಬ ಹೆಮ್ಮೆ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. "ಹಂಗೇನಿಲ್ಲತ್ತಿ. ನಂದಿನಿಗೆ ಔಷಧಿಯಿಂದ ಕಮ್ಮಿ ಆಗೈತಿ. ಇದು ನಿಂಬಿಹಣ್ಣು ತಿಂದು ಹೊಟ್ಟಿ ಕೆಡಿಸ್ಕಂಡೈತಿ, ಅಷ್ಟ."

"ಆತು, ಔಷಧಿಯಿಂದನ ಕಮ್ಮಿ ಆತು ಅನ್ನು. ಹಂಗಾರ ಇದಕ್ಕೂ ಔಷಧಿ ಕೊಡಿಸು ನಡಿ. ಕೂಸಿಗೊಂದು ನ್ಯಾಯ, ಇದಕ್ಕೊಂದು ನ್ಯಾಯ ಐತೇನು?"

ನಾನು ಚಪ್ಪಲಿ ಮೆಟ್ಟಿ ಹೊರಟೆ. ಊರಿನ ಪಶುವೈದ್ಯರು ಅವತ್ತು ದನಗಳಿಗೆ ಲಸಿಕೆ ಹಾಕಲು ಹಳ್ಳಿಗಳ ಕಡೆ ಹೋಗಿದ್ದರು. ಬಸ್ಸಿನ ಕಂಡಕ್ಟರ್ ನಾಯಿಯನ್ನು ನೋಡಿ ಹತ್ತಿಸುವುದಿಲ್ಲವೆಂದು ಕೈಯಲ್ಲಾಡಿಸಿದ. ಕೊನೆಗೆ ಓಣಿಯವರ ಸಣ್ಣ ಗೂಡ್ಸ್ ಗಾಡಿಯೊಂದು ಭತ್ತ ಹೇರಿಕೊಂಡು ಸಿರುಗುಪ್ಪದ ರೈಸ್‌ಮಿಲ್ಲಿಗೆ ಹೊರಟದ್ದು ಸಿಕ್ಕಿತು. ನಾನು ಮುಂದೆ, ಡ್ರೈವರನ ಪಕ್ಕದಲ್ಲಿ ಕೂತೆ. ಅತ್ತೆ ಹಿಂದೆ, ಭತ್ತದ ಚೀಲಗಳ ಮೇಲೆ, ತಲೆಗೆ ಸೆರಗು ಹೊದ್ದು, ಮಡಿಲಲ್ಲಿ 'ಅದನ್ನು' ಇಟ್ಟುಕೊಂಡು. ಕಾಲುವೆಯ ಪಕ್ಕದ ಗದ್ದೆಗಳು ಹಸಿರಾಗಿ ಹಿಂದೆ ಓಡುತ್ತಿದ್ದವು. ಆಗಾಗ ತಿರುಗಿ ನೋಡಿದೆ. ಸೀರೆಯ ಮೇಲೆ ಅದು ಕಾರಿಕೊಂಡರೂ ಅವಳು ಕೈ ತೆಗೆಯಲಿಲ್ಲ.

ಸಿರುಗುಪ್ಪದ ಪಶು ಆಸ್ಪತ್ರೆಯ ಡಾಕ್ಟರು ಇನ್ನೂ ಎಳೆಯ ಪ್ರಾಯದವರು. "ಏನು ತಿಂದೈತಮ್ಮಾ?" ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದಳು. ಆಮೇಲೆ ಒಂದನ್ನೂ ಬಿಡದೆ ಹೇಳಿದಳು. ಜ್ವರ, ಅಮಾವಾಸ್ಯೆ, ಅನ್ನದುಂಡೆ, ನಿಂಬೆಹಣ್ಣು, ತಾನು ತಿರುಗಿ ನೋಡದೆ ಬಂದದ್ದು. ಡಾಕ್ಟರು ನಗುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ನಗಲಿಲ್ಲ.

"ಸಿಪ್ಪಿ, ಬೀಜ ಸಮೇತ ನುಂಗೈತೇನ್ರಿ? ಆ ಸಿಪ್ಪಿಯೊಳಗಿನ ಎಣ್ಣಿ, ಬೀಜ ನಾಯಿಗೆ ಆಗಿಬರಂಗಿಲ್ಲ. ಕಿತ್ತಳಿ, ಮೋಸಂಬಿ ಆದ್ರ ಬೀಜ ತಗದು ಒಂದೆರಡು ತೊಳಿ ಕೊಟ್ರ ನಡೀತೈತಿ. ನಿಂಬಿಹಣ್ಣು ಮಾತ್ರ ಬ್ಯಾಡ್ರಿ." ಅವರು ವಾಂತಿ ನಿಲ್ಲಲು ಸೂಜಿ ಹಾಕಿ, ಸಲೈನ್ ಏರಿಸತೊಡಗಿದರು.

ಅತ್ತೆ ಮೆಲ್ಲಗೆ ಕೇಳಿದಳು, "ಅಂದ್ರ, ನಮ್ಮ ಹುಡುಗಿ ಜ್ವರ ಇದಕ್ಕ ಬಂದಿಲ್ಲೇನ್ರಿ?"

"ಇಲ್ಲಮ್ಮಾ. ಮೈ ಮುಟ್ಟಿ ನೋಡ್ರಿ. ಜ್ವರ ಇಲ್ಲ ಇದಕ್ಕ."

ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡೆ. ಗೆದ್ದವನ ಹಾಗೆ ಅವಳ ಕಡೆ ನೋಡಿದೆ ಕೂಡ. ಅತ್ತೆಯ ಮುಖ ಇನ್ನಷ್ಟು ಬಾಡಿತ್ತು. "ಹಂಗಾರ ದಿಷ್ಟಿ ಅಲ್ಲ. ನಾನ ಹಾಕಿದ್ನಲ್ಲಪ್ಪಾ ಇದರ ಹೊಟ್ಟಿಗೆ," ಎಂದಳು.

ಆ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ದೃಷ್ಟಿ ಎನ್ನುವವರೆಗೆ ಅದು ಯಾರದೋ ಕಣ್ಣು, ಯಾವುದೋ ಗ್ರಹ, ನಾಯಿಯ ಋಣ. ಹೊಟ್ಟೆ ಕೆಟ್ಟದ್ದು ಎಂದಾಕ್ಷಣ ಆ ಹಣ್ಣನ್ನು ಇಟ್ಟ ಕೈಗೆ ಒಡತಿ ಸಿಕ್ಕಿಬಿಟ್ಟಳು. ಮೂಢನಂಬಿಕೆ ಕಳೆದರೆ ಮನುಷ್ಯ ಹಗುರಾಗುತ್ತಾನೆ ಎಂದು ನಾನು ತಿಳಿದಿದ್ದೆ. ಅತ್ತೆ ಭಾರವಾದಳು. ಆ ಭಾರವನ್ನು ಕೆಳಗಿಡುವ ಪ್ರಯತ್ನವನ್ನೂ ಮಾಡಲಿಲ್ಲ.

ಸಲೈನ್ ಮುಗಿದಮೇಲೆ ಮಂಡಕ್ಕಿ ಕಣ್ಣು ಬಿಟ್ಟು, ಡಾಕ್ಟರ ಮೇಜಿನ ಮೇಲಿದ್ದ ಹತ್ತಿಯ ಉಂಡೆಯೊಂದನ್ನು ನೆಕ್ಕಿ ನೋಡಿತು. "ಬದುಕ್ತೈತ್ರಿ," ಎಂದು ಡಾಕ್ಟರು ನಕ್ಕರು. ವಾಪಸು ಮನೆಗೆ ಬಂದಮೇಲೆ ಅತ್ತೆ ಸ್ನಾನ ಮಾಡಿದಳು, ವಿಭೂತಿ ಹಚ್ಚಿದಳು, ತಪ್ಪಿಹೋಗಿದ್ದ ಪೂಜೆಯನ್ನು ಆ ಇಳಿಹೊತ್ತಿನಲ್ಲಿ ಮುಗಿಸಿದಳು. ಆಮೇಲೆ ಹಳೆಯ ಗೋಣಿಚೀಲ ಕೊಡವಿ, ಹೊಸ್ತಿಲಿನ ಒಳಗೆ, ಬಾಗಿಲ ಮೂಲೆಯಲ್ಲಿ ಹಾಸಿದಳು. "ಬಾರಲೇ ಮಂಡಕ್ಕಿ," ಎಂದಳು. ಅತ್ತೆಯ ಸೊಸೆ, ನಂದಿನಿಯ ತಾಯಿ, ನನ್ನ ಮುಖ ನೋಡಿದಳು, ನಾನು ಸೊಸೆಯ ಮುಖ ನೋಡಿದೆ.

ಹಾಸಿಗೆಯಿಂದಲೇ ಇದನ್ನೆಲ್ಲ ಗಮನಿಸುತ್ತಿದ್ದ ನಂದಿನಿ, "ಅಜ್ಜಿ, ಮಂಡಕ್ಕಿಗೂ ದಿಷ್ಟಿ ತಗಿ," ಎಂದು ಹಟ ಹಿಡಿದಳು. ಅತ್ತೆ ಒಳಗೆ ಹೋಗಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಳು. ನಾಯಿಯ ತಲೆಯ ಸುತ್ತ ನಿವಾಳಿಸಿ, ನೇರವಾಗಿ ಹೋಗಿ ಉರಿಯುವ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು. ಮಂಡಕ್ಕಿಯೂ ಕೆಮ್ಮಿತು.

"ಇದು ಒಲ್ಯಾಗ ಸುಟ್ಟೋಗ್ತೈತಿ. ಯಾರ ಬಾಯಿಗೂ ಬೀಳಂಗಿಲ್ಲ," ಎಂದಳು ಅತ್ತೆ. ಅಂದಿನಿಂದ ಆ ಮನೆಯಲ್ಲಿ ಯಾರಿಗೆ ದೃಷ್ಟಿಯಾದರೂ ಒಲೆಯೇ ಗತಿ. ಮೂರು ದಾರಿಗೆ ಅವಳು ಮತ್ತೆ ಏನನ್ನೂ ಇಡಲಿಲ್ಲ.

ಇವತ್ತು ಬೆಳಿಗ್ಗೆ ಬಳ್ಳಾರಿಯ ನಮ್ಮ ಬಡಾವಣೆಯಲ್ಲಿ ವಾಕಿಂಗ್ ಹೊರಟಿದ್ದೆ. ನಿನ್ನೆ ಅಮಾವಾಸ್ಯೆ. ತಿರುವಿನಲ್ಲಿ ಕುಂಕುಮ ಮೆತ್ತಿದ ನಿಂಬೆ ಹೋಳುಗಳು ಬಿದ್ದಿದ್ದವು. ಜನ ದೂರ ಸರಿದು, ದಾಟದೆ ಹೋಗುತ್ತಿದ್ದರು. ನಾನೂ ವರ್ಷಗಟ್ಟಲೆ ಹಾಗೆಯೇ ಹೋದವನು. ನನಗೆ ನಂಬಿಕೆ ಇಲ್ಲ, ಸುಮ್ಮನೆ ಯಾಕೆ ಎಂದುಕೊಳ್ಳುತ್ತ. ಇವತ್ತು ನಿಂತೆ. ಅತ್ತಿತ್ತ ನೋಡಿ, ಕೈಯಲ್ಲಿದ್ದ ಪೇಪರಿನಿಂದ ಅವನ್ನು ಹಿಡಿದೆತ್ತಿದೆ. ಎದುರುಮನೆಯ ಹಿರಿಯರೊಬ್ಬರು ಗೇಟಿನಿಂದಲೇ ಕೂಗಿದರು, "ಏ, ಏನ್ ಮಾಡಾಕ ಹತ್ತೀರಿ! ಅದನ್ನ ಮುಟ್ಟಬಾರ್ದ್ರೀ!"

"ಗೊತ್ತೈತ್ರಿ," ಎಂದೆ. ಕಸದ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಾಗಿ ಮುಚ್ಚಿದೆ. ಮನೆಗೆ ಬಂದು, ಒಳಗೆ ಕಾಲಿಡುವ ಮುಂಚೆ, ನಳದ ಕೆಳಗೆ ಕೈಕಾಲು ಚೆನ್ನಾಗಿ ತೊಳೆದುಕೊಂಡೆ. ಒಂದು ಸಲಕ್ಕೆ ಸಾಲದೆ ಇನ್ನೊಂದು ಸಲವೂ ತೊಳೆದೆ.